ಎರಡು ತಲೆಯ ಬಾಣ

ನನ್ನ ಬಾಣವನ್ನು ಯಾರೋ ತಿರುಗಿಸಿದ್ದರು!

ಮೊದಲ ಸಲ ನೋಡಿದಾಗ ಗಾಳಿಯ ಕೆಲಸವೆಂದುಕೊಂಡೆ. ಹಲಗೆಯನ್ನು ಸರಿಯಾಗಿ ತಿರುಗಿಸಿ, ತಂತಿಯನ್ನು ಇನ್ನೆರಡು ಸುತ್ತು ಬಿಗಿದು ಬಂದೆ. ಮುಂದಿನ ಭಾನುವಾರ ಹೋದರೆ ಮತ್ತೆ ಉಲ್ಟಾ. ಗಾಳಿಗೆ ಇಕ್ಕಳ ಹಿಡಿಯಲು ಬರುತ್ತದೆಯೇ? ಯಾರೋ ಬೇಕೆಂದೇ ಮಾಡಿದ ಕೆಲಸವಿದು. ನನಗಂತೂ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ, ಬೇಕಾದರೆ ನಮ್ಮ ಅಕ್ಕನನ್ನು ಕೇಳಿ.

ವಿಷಯ ಏನೆಂದರೆ, ನಮ್ಮೂರಿನ ನದಿಯ ದಡದಿಂದ ಹಳೆಯ ಕೋಟೆಗೋಡೆಯೊಂದು ಹೊರಡುತ್ತದೆ. ಯಾವ ರಾಜ ಯಾರಿಗೆ ಹೆದರಿ ಕಟ್ಟಿಸಿದನೋ ಯಾರಿಗೂ ನೆನಪಿಲ್ಲ. ಗುಡ್ಡ ಹತ್ತಿ, ಇಳಿದು, ಕಾಡು ಹೊಕ್ಕು, ಕೊನೆಗೆ ಅದು ಬೆಟ್ಟದ ಮೇಲಿನ ಊರು ಸೇರುತ್ತದೆ. ಈ ಗೋಡೆಯ ಮೇಲೆ ನಡೆಯುವವರ ಸಂಘಗಳು ಎರಡು: ನದಿಯ ಕಡೆ ನಮ್ಮದು, ಬೆಟ್ಟದ ಕಡೆ ಅವರದು. ಗೋಡೆಯ ಕಲ್ಲಿಗೆ ಬಣ್ಣ ಬಳಿಯುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ. ಹಾಗಾಗಿ ಪಕ್ಕದಲ್ಲಿ ಗೂಟ ನೆಟ್ಟು, ಅಂಗೈಯಗಲದ ಹಲಗೆಯ ಮೇಲೆ ಹಳದಿ ಬಾಣ ಬರೆದು, ತಂತಿಯಿಂದ ಬಿಗಿಯುತ್ತೇವೆ. ನದಿಯಿಂದ ನಟ್ಟನಡುವಿನ ಮುರುಕು ಬುರುಜಿನವರೆಗೆ ಆ ಕೆಲಸ ನನ್ನದು. ಬುರುಜಿನ ಬಳಿಯ ಹಲಗೆಯನ್ನು ಬರೆಯಲು ನಾನು ಒಂದಿಡೀ ಮಧ್ಯಾಹ್ನ ಕಳೆದಿದ್ದೆ.

ಮೂರನೇ ಭಾನುವಾರ ಬೆಳಿಗ್ಗೆಯೇ ಹೋಗಿ ಬುರುಜಿನೊಳಗೆ ಅಡಗಿ ಕೂತೆ. ಹಿಂದೆ ಸೈನಿಕರು ಶತ್ರುವಿಗಾಗಿ ಕಾಯುತ್ತಿದ್ದ ಕಿಂಡಿಯಲ್ಲಿ ಕಣ್ಣಿಟ್ಟು ನಾನೂ ಕಾದೆ.

ಶತ್ರು ಶಿಳ್ಳೆ ಹಾಕುತ್ತಾ ಬಂದ. ಎತ್ತರದ ಆಳು, ಕೆದರಿದ ಕೂದಲು, ಮೊಣಕೈವರೆಗೆ ಮಡಚಿದ ತೋಳು. ನೇರ ನನ್ನ ಹಲಗೆಯ ಮುಂದೆ ನಿಂತು, ಸೊಂಟಕ್ಕೆ ಕೈಕೊಟ್ಟು, "ಮತ್ತೆ ತಿರುಗಿಸಿದಾರೆ ನೋಡಪ್ಪಾ" ಎಂದು ತನಗೆ ತಾನೇ ಹೇಳಿಕೊಂಡು, ಜೇಬಿನಿಂದ ಇಕ್ಕಳ ತೆಗೆದ.

"ಕೈ ತೆಗೀರಿ!" ಎಂದು ಕಿರುಚಿ ಹೊರಗೆ ಹಾರಿದೆ.

ಇಕ್ಕಳ ಅವನ ಕಾಲಿನ ಮೇಲೇ ಬಿತ್ತು. ಒಂಟಿಕಾಲಿನಲ್ಲಿ ಕುಣಿಯುತ್ತಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಓಹೋ! ಹಲಗೆ ತಿರುಗಿಸೋರು ನೀವೇನಾ?"

"ನಾನಾ? ರೀ, ಇದು ನನ್ನ ಹಲಗೆ, ನನ್ನ ಬಾಣ. ದಾರಿ ಹೋಗೋದು ಆ ಕಡೆ, ಬೆಟ್ಟಕ್ಕೆ."

"ದಾರಿ ಹೋಗೋದು ಈ ಕಡೆ, ನದಿಗೆ. ಬೆಟ್ಟದಿಂದ ಬರ್ತಾ ಇರೋನು ನಾನು, ನನಗೆ ಗೊತ್ತಿಲ್ವಾ?"

"ಬೆಟ್ಟದಿಂದ ಯಾರ್ರೀ ಬರ್ತಾರೆ?"

"ಬೆಟ್ಟದಲ್ಲಿರೋರು" ಎಂದ, ಬಹಳ ಶಾಂತವಾಗಿ.

ಸುಳ್ಳೇಕೆ ಹೇಳಲಿ, ಅಷ್ಟು ವರ್ಷ ಗೋಡೆಯ ಮೇಲೆ ನಡೆದಿದ್ದರೂ ಆ ತುದಿಯಿಂದಲೂ ಜನ ಹೊರಡುತ್ತಾರೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಮ್ಮ ಸಂಘದ ಬಾಣಗಳೆಲ್ಲ ಆ ಕಡೆಗೆ, ಅವರ ಸಂಘದವೆಲ್ಲ ಈ ಕಡೆಗೆ. ಎದುರಿನಿಂದ ಬರುವವನ ಗತಿ ಏನೆಂದು ಎರಡೂ ಊರಿನಲ್ಲಿ ಒಬ್ಬರಾದರೂ ಯೋಚಿಸಿರಲಿಲ್ಲ.

ಅವನ ಮುಖ ನೋಡಿದರೆ ಅವನಿಗೂ ಆಗಲೇ ಹೊಳೆದಂತಿತ್ತು. ಮೊದಲು ಅವನ ತುಟಿಯಂಚು ಅಲುಗಿತು, ಆಮೇಲೆ ಭುಜ, ಆಮೇಲೆ ಇಡೀ ಮನುಷ್ಯ ಕಲ್ಲಿನ ಮೇಲೆ ಕುಸಿದು ಕೂತು ನಕ್ಕ. ನಗಬಾರದೆಂದು ತುಟಿ ಕಚ್ಚಿ ಹಿಡಿದೆ, ಆಗಲಿಲ್ಲ.

"ತಗೊಳ್ಳಿ" ಎಂದು ಕಾಗದದ ಪೊಟ್ಟಣ ಚಾಚಿದ. "ಹಸಿದುಕೊಂಡು ಜಗಳ ಆಡಬಾರದು, ಗಂಟಲು ಒಣಗುತ್ತೆ."

ಒಳಗೆ ಬನ್ ಇತ್ತು. ಹತ್ತಿಯಷ್ಟು ಮೆತ್ತಗೆ, ಇನ್ನೂ ಉಗುರುಬೆಚ್ಚಗೆ. ಬೆಟ್ಟದ ಊರಿನಲ್ಲಿ ಅವನದೇ ಬೇಕರಿಯಂತೆ. ಮುಂಗೈಯ ಮೇಲೆ ಒಲೆಯ ಬಾಗಿಲು ತಾಗಿದ ಸಣ್ಣ ಸಣ್ಣ ಗೆರೆಗಳಿದ್ದವು. ನಾನು ಅವನ್ನೇ ನೋಡುತ್ತಿದ್ದೇನೆಂದು ಗೊತ್ತಾಗಿ ಅವನು ತೋಳು ಇಳಿಸಿಕೊಂಡ. ನಾನು ತಕ್ಷಣ ಬನ್ನಿನ ಮೇಲೆ ಕಣ್ಣಿಟ್ಟೆ.

"ನೀವೇನು ಮಾಡ್ತೀರಿ?"

"ಕನ್ನಡಕದ ಅಂಗಡಿ. ಅಕ್ಕ ಫ್ರೇಮ್ ಮಾರ್ತಾಳೆ, ನಾನು ಕಣ್ಣು ಪರೀಕ್ಷೆ ಮಾಡ್ತೀನಿ."

"ಊರಿನವರ ಕಣ್ಣೆಲ್ಲಾ ನೋಡ್ತೀರಿ, ನಮ್ಮ ಬೆಟ್ಟ ಮಾತ್ರ ಕಾಣಿಸಲಿಲ್ಲ!"

ಹಾಗೆ ಅವನು ನನಗೆ ಬನ್ ಆದ, ನಾನು ಅವನಿಗೆ ಕನ್ನಡಕ ಆದೆ. ಹೋಗುವ ಮುಂಚೆ ಅವನು ನನ್ನ ಕುಂಚ ಕೇಳಿ ಪಡೆದು, ಬಾಣದ ಬಾಲಕ್ಕೆ ಇನ್ನೊಂದು ತಲೆ ಬರೆದ. ಈಗ ಅದು ಎರಡೂ ಕಡೆ ತೋರಿಸುತ್ತಿತ್ತು. ಇಷ್ಟೇ ಇಷ್ಟು ಕೆಲಸ! ತಲೆ ಸ್ವಲ್ಪ ವಾರೆಯಾಗಿತ್ತು, ನಾನು ತಿದ್ದಲಿಲ್ಲ.

ಆ ಸುದ್ದಿ ಕೇಳಿ ಎರಡೂ ಸಂಘಗಳಿಗೆ ಹುರುಪು ಬಂತು. ನದಿಯಿಂದ ಬೆಟ್ಟಕ್ಕೆ, ಬೆಟ್ಟದಿಂದ ನದಿಗೆ ಎಲ್ಲರೂ ಒಂದೇ ದಿನ ನಡೆಯುವ ಪೂರ್ತಿ ನಡಿಗೆ ಮಾಡಿಯೇ ಬಿಡೋಣ ಎಂದು ನಮ್ಮ ಸಂಘದ ಮುಖ್ಯಸ್ಥೆ ಹೇಳಿದಳು. ಮುಖ್ಯಸ್ಥೆ ಯಾರು? ನಮ್ಮ ಅಕ್ಕನೇ. ವಾರವಿಡೀ ನನ್ನೊಬ್ಬಳ ಮೇಲೆ ನಡೆಸುವ ದರ್ಬಾರನ್ನು ಭಾನುವಾರ ಇಡೀ ಸಂಘದ ಮೇಲೆ ನಡೆಸುತ್ತಾಳೆ. ಬೆಟ್ಟದ ಸಂಘದ ಮುಖ್ಯಸ್ಥೆ ಬನ್‌ನ ಅಮ್ಮ. ಅವರೂ ಕಡಿಮೆಯೇನಲ್ಲವಂತೆ.

ತೊಂದರೆ ಇದ್ದದ್ದು ಬುರುಜಿನ ಆಚೀಚೆ. ಅಲ್ಲಿ ಗೋಡೆ ಕುಸಿದು ಪೊದೆಯಲ್ಲಿ ಮುಳುಗಿದೆ, ಎಲ್ಲಿ ತಿರುಗಬೇಕೆಂದು ಗೊತ್ತಾಗುವುದಿಲ್ಲ. ತಪ್ಪಿದರೆ ನೇರ ಹಳೆಯ ಕಂದಕಕ್ಕೆ ಇಳಿಯುತ್ತೀರಿ. ನೀರಿಲ್ಲದ, ಮುಳ್ಳು ತುಂಬಿದ ಆ ಹಳ್ಳಕ್ಕೆ ಇಳಿಯುವುದು ಸುಲಭ, ಹತ್ತುವುದು ಕಷ್ಟ. ಅದಕ್ಕೇ ಮುಖ್ಯಸ್ಥೆಯರಿಬ್ಬರೂ ಸೇರಿ ಷರತ್ತು ಹಾಕಿದರು. ನಾನು ಮತ್ತು ಬನ್ ಆ ಭಾಗಕ್ಕೆ ಹಲಗೆ ಕಟ್ಟಬೇಕು. ಆಮೇಲೆ ಒಂದು ಭಾನುವಾರ ಅವರಿಬ್ಬರೂ ಒಂದೊಂದು ತುದಿಯಿಂದ, ಯಾರನ್ನೂ ಕೇಳದೆ, ಹಲಗೆ ನೋಡಿಕೊಂಡೇ ಬಂದು ಬುರುಜಿನಲ್ಲಿ ಭೇಟಿಯಾಗಬೇಕು. ಆಗದಿದ್ದರೆ ಆ ಭಾಗ ರದ್ದು, ಜನರನ್ನು ಡಾಂಬರು ರಸ್ತೆಯಲ್ಲಿ ವ್ಯಾನಿನಲ್ಲಿ ದಾಟಿಸುವುದು.

ಕೋಟೆಗೋಡೆಯ ನಡಿಗೆಗೆ ವ್ಯಾನು! ನೆನೆಸಿಕೊಂಡರೇ ಮೈ ಉರಿಯುತ್ತಿತ್ತು.

ಹೀಗೆ ಶುರುವಾದವು ನಮ್ಮ ಭಾನುವಾರಗಳು.

ಶನಿವಾರ ಸಂಜೆಯಿಂದಲೇ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅವನು ಪೊದೆ ಕಡಿದು ಗೂಟ ನೆಡುತ್ತಿದ್ದ, ನಾನು ಎರಡು ತಲೆಯ ಬಾಣ ಬರೆಯುತ್ತಿದ್ದೆ. ಪ್ರತಿ ಹಲಗೆ ಕಟ್ಟಿದ ಮೇಲೂ ಅಂಗಡಿಯಲ್ಲಿ ಮಾಡುವ ಹಾಗೆ ಪರೀಕ್ಷೆ. ಅವನು ಹಿಂದಕ್ಕೆ ಹಿಂದಕ್ಕೆ ಹೋಗಿ ಬಿದ್ದ ಕಲ್ಲುಗಳ ಆಚೆ ನಿಲ್ಲಬೇಕು.

"ಎಡಗಣ್ಣು ಮುಚ್ಚಿ!"

"ಮುಚ್ಚಿದೆ!"

"ಬೆರಳ ಸಂದಿಯಿಂದ ನೋಡ್ಬೇಡಿ, ಕಾಣ್ತಾ ಇದೆ ನನಗೆ. ಬಾಣ ಯಾವ ಕಡೆ?"

"ಗೊತ್ತಿಲ್ಲ!"

"ಅಷ್ಟು ದೊಡ್ಡದು ಕಾಣಲ್ವಾ?"

"ನೀವು ಪಕ್ಕದಲ್ಲಿ ನಿಂತಿದೀರಲ್ಲ, ಬಾಣ ಯಾರು ನೋಡ್ತಾರೆ?"

ಅಯ್ಯೋ, ನನ್ನ ಕಿವಿ ಬಿಸಿಯಾದ ಬಿಸಿ! ಪುಣ್ಯಕ್ಕೆ ಅವನು ದೂರದಲ್ಲಿದ್ದ. ಹಲಗೆಯ ಹಿಂದೆ ಬಗ್ಗಿ ತಂತಿ ಬಿಗಿಯುವವಳಂತೆ ನಟಿಸಿದೆ. ಬಿಗಿದ ತಂತಿಯನ್ನೇ ಎಷ್ಟು ಬಿಗಿಯುವುದು? ಪಟ್ಟೆಂದು ತುಂಡಾಯಿತು.

ಇನ್ನೊಂದು ದಿನ ಜಾರುವ ಕಲ್ಲಿನ ಮೇಲೆ ಕೈಕೊಟ್ಟು ಹತ್ತಿಸಿದ. ಹತ್ತಿದ ಮೇಲೂ ಕೈ ಅಲ್ಲೇ ಇತ್ತು. ಅವನು ಬಿಡಲಿಲ್ಲ, ನಾನು ಎಳೆದುಕೊಳ್ಳಲಿಲ್ಲ, ಇಬ್ಬರೂ ಗಂಭೀರವಾಗಿ ಹವಾಮಾನದ ಬಗ್ಗೆ ಮಾತಾಡಿದೆವು. ಮೋಡ ಇಲ್ಲ ಅಲ್ವಾ ಎಂದ. ಒಂದೂ ಇಲ್ಲ ಎಂದೆ. ತಲೆಯ ಮೇಲೆ ರಾಶಿ ಮೋಡವಿತ್ತು.

ಸಂಜೆಯಾದರೆ ಮಾತ್ರ ಬುರುಜಿನ ಬಳಿ ಬೆನ್ನು ತಿರುಗಿಸಬೇಕು. ಅವನು ಬೆಟ್ಟದ ಕಡೆ, ನಾನು ನದಿಯ ಕಡೆ. ತಿರುವಿನಲ್ಲಿ ನಾನು ತಿರುಗಿ ನೋಡುತ್ತಿದ್ದೆ. ಅವನೂ ತಿರುಗಿರುತ್ತಿದ್ದ. ಕೂಡಲೇ ಇಬ್ಬರೂ ಹಕ್ಕಿ ಹುಡುಕುವವರಂತೆ ಮರ ನೋಡುತ್ತಿದ್ದೆವು.

ಹೀಗಿರುವಾಗ ಒಂದು ದಿನ ಅವನು ಗೂಟಗಳನ್ನೆಲ್ಲ ಕಣ್ಣಲ್ಲೇ ಅಳೆದು, "ಇನ್ನೇನು, ಬರೋ ವಾರ ಮುಗಿದುಹೋಗುತ್ತೆ" ಎಂದ.

"ಮುಗಿದ ಮೇಲೆ?"

ಅವನು ಕೈಯಲ್ಲಿದ್ದ ತಂತಿಯನ್ನು ಸುತ್ತಿದ, ಬಿಚ್ಚಿದ. "ಮುಗಿದ ಮೇಲೆ ನನಗೆ ಬೇಕರಿ, ನಿಮಗೆ ಅಂಗಡಿ."

ಅಷ್ಟೇ ಹೇಳಿದ. ಬೇರೇನಾದರೂ ಹೇಳುತ್ತಾನೆಂದು ಕಾದೆ, ಹೇಳಲಿಲ್ಲ. ನಾನೇ ಹೇಳಬಹುದಿತ್ತು. ಜಗಳಕ್ಕೆ ನಿಂತರೆ ನನ್ನ ಬಾಯಿಗೆ ಬೀಗವೇ ಇಲ್ಲ, ಈ ಮಾತಿಗೆ ಮಾತ್ರ ನಾಲಿಗೆ ಏಳಲೊಲ್ಲದು. ಅವನಿಗೆ ಇದು ಬರೀ ಹಲಗೆ ಕೆಲಸವಾಗಿದ್ದರೆ? ಹೇಳಿ ಮುಖಭಂಗ ಮಾಡಿಕೊಂಡರೆ? ಇಷ್ಟೆಲ್ಲ ಯೋಚಿಸುತ್ತಾ ಇಳಿಯುತ್ತಿದ್ದವಳು, ಕಂದಕದ ತಿರುವಿನ ಗೂಟದ ಮುಂದೆ ನಿಂತೆ. ಆಚೀಚೆ ನೋಡಿದೆ. ಇಕ್ಕಳ ತೆಗೆದೆ. ನನ್ನದೇ ಹಲಗೆಯನ್ನು ಬಿಚ್ಚಿ ಬ್ಯಾಗಿಗೆ ತುರುಕಿಕೊಂಡು ಕಳ್ಳಬೆಕ್ಕಿನ ಹಾಗೆ ಮನೆ ಸೇರಿದೆ.

ಮುಂದಿನ ಭಾನುವಾರ ಬಾಯಿಗೆ ಕೈಯಿಟ್ಟುಕೊಂಡು, "ಅಯ್ಯಯ್ಯೋ, ಹಲಗೆ ಇಲ್ಲ ನೋಡಿ!" ಎಂದೆ. ಆದರೆ ಆಶ್ಚರ್ಯವೆಂದರೆ, ಬೆಟ್ಟದ ಕಡೆಯೂ ಎರಡು ಹಲಗೆ ಮಾಯವಾಗಿದ್ದವು.

"ಮೇಕೆ ತಿಂದಿರಬೇಕು" ಎಂದ ಬನ್, ನನ್ನ ಮುಖ ನೋಡದೆ.

"ತಂತಿ ಸಮೇತ?"

"ಹಸಿದ ಮೇಕೆ."

ನನಗೇನು, ಮೇಕೆಗೆ ಒಳ್ಳೆಯದಾಗಲಿ ಎಂದುಕೊಂಡೆ. ಹೊಸ ಹಲಗೆ ಬರೆಯಲು ಇನ್ನೊಂದು ಭಾನುವಾರ ಸಿಕ್ಕಿತು. ಆ ಭಾನುವಾರ ಮುಗಿದಾಗ ಮತ್ತೆ ಮೇಕೆ ಬಂತು. ಆಮೇಲೆ ಇನ್ನೊಮ್ಮೆ. ಒಂದು ಕಡೆ ನನ್ನ ಮಂಚದ ಕೆಳಗೆ ಹಳದಿ ಬಾಣಗಳು ಬೆಳೆಯುತ್ತಿದ್ದವು, ಇನ್ನೊಂದು ಕಡೆ ನಾನು ಕೈಯೂ ಇಡದ ಹಲಗೆಗಳು ಮಾಯವಾಗುತ್ತಿದ್ದವು. ಕುರುಡಿಯ ಹಾಗೆ ಖುಷಿಯಾಗಿದ್ದೆ. ಊರಿಗೆಲ್ಲ ಕಣ್ಣು ಪರೀಕ್ಷೆ ಮಾಡುವವಳು ನಾನು!

ಪರೀಕ್ಷೆಯ ದಿನಕ್ಕೆ ಇನ್ನೂ ಒಂದು ವಾರವಿತ್ತು. ಅಂದು ಭಾನುವಾರ ಬೆಳಿಗ್ಗೆ ಎದ್ದರೆ ಬಾಗಿಲ ಬಳಿ ಅಕ್ಕನ ಬೂಟು ಇಲ್ಲ. ಫೋನ್ ಹೊಡೆದುಕೊಂಡಿತು.

"ನಾನು ಆಗಲೇ ಗೋಡೆ ಮೇಲಿದೀನಿ ಕಣೇ" ಎಂದಳು ಅಕ್ಕ, ಏದುಸಿರು ಬಿಡುತ್ತಾ. "ಬಿಸಿಲು ಚೆನ್ನಾಗಿದೆ, ಪರೀಕ್ಷೆ ಇವತ್ತೇ ಮುಗಿಸಿಬಿಡೋಣ ಅಂತ. ಆ ಕಡೆಯಿಂದ ಅವರೂ ಹೊರಟಿದಾರೆ. ಹಲಗೆ ಎಲ್ಲಾ ಇದೆ ತಾನೇ?"

"ಇ... ಇದೆ."

"ಸರಿ ಹಾಗಾದ್ರೆ" ಎಂದು ಇಟ್ಟುಬಿಟ್ಟಳು.

ಕಳೆದ ವಾರ ಬಿಚ್ಚಿದ ಎರಡು ಹಲಗೆ ಬ್ಯಾಗಿನಲ್ಲೇ ಇದ್ದವು. ಮುಖ ತೊಳೆಯಲೂ ನಿಲ್ಲದೆ ಓಡಿದೆ. ಬಸ್ಸು ಹಿಡಿದು ಅರ್ಧ ದಾರಿಯಲ್ಲಿ ಇಳಿದು, ಅಡ್ಡದಾರಿಯಲ್ಲಿ ಗುಡ್ಡ ಹತ್ತಿ, ಗೋಡೆಯ ನೆತ್ತಿಯ ಮೇಲೆ ಬಿದ್ದಂಬೀಳ ಓಡಿದೆ. ಎಡಕ್ಕೆ ಇಳಿಜಾರು, ಬಲಕ್ಕೆ ಬಯಲು, ಬೆನ್ನಿಗೆ ಹಲಗೆಗಳ ಬಡಿತ. ವ್ಯಾನು ಬಂದರೆ ನನ್ನಿಂದ. ಅಕ್ಕನ ಕಾಲು ಉಳುಕಿದರೆ ನನ್ನಿಂದ. ಬನ್‌ಗೆ ಗೊತ್ತಾದರೆ? ಅವನು ನನ್ನ ಮುಖ ನೋಡುತ್ತಾನೆಯೇ?

ಕಂದಕದ ತಿರುವು ತಲುಪಿ, ಬ್ಯಾಗಿನಿಂದ ಹಲಗೆ ಎಳೆದು ಗೂಟಕ್ಕೆ ಒತ್ತಿ ಹಿಡಿದೆ. ಅಷ್ಟರಲ್ಲಿ ಬುರುಜಿನ ಕಡೆಯಿಂದ ಯಾರೋ ಧಡಧಡ ಓಡಿ ಬಂದ ಸದ್ದು. ಬನ್! ಮೈಗೆ ಇನ್ನೂ ಬೇಕರಿಯ ಏಪ್ರನ್, ಹುಬ್ಬಿನ ಮೇಲೆ ಹಿಟ್ಟು. ನನ್ನನ್ನು ನೋಡಿ ಗಕ್ಕನೆ ನಿಂತ. ನಿಂತ ರಭಸಕ್ಕೆ ಬೆನ್ನಿನ ಚೀಲದ ಬಾಯಿ ಬಿಚ್ಚಿ, ಟಕ್ ಟಕ್ ಟಕ್ ಎಂದು ಮೂರು ಹಲಗೆ ಕಲ್ಲಿನ ಮೇಲೆ ಉರುಳಿದವು.

ಹಳದಿ ಬಾಣಗಳು. ನಾನೇ ಬರೆದವು.

ಅವನು ನನ್ನ ಕೈಯಲ್ಲಿದ್ದ ಹಲಗೆ ನೋಡಿದ. ನಾನು ಅವನ ಕಾಲ ಬಳಿ ಬಿದ್ದವನ್ನು ನೋಡಿದೆ.

"ಮೇಕೆ!" ಎಂದೆ.

"ಇನ್ನೊಂದು ಮೇಕೆ!" ಎಂದ.

"ಈ ಸಲ ನಾನು ತೆಗೆದಿದ್ದು ಎರಡೇ ಎರಡು ಕಣ್ರೀ! ನೀವು ಮೂರು!"

"ಒಂದು ಹೆಚ್ಚು ತೆಗೆದಿದ್ದಕ್ಕೆ ಜಗಳ ಆಡ್ತೀರಾ ಈಗ?"

"ಯಾಕೆ ತೆಗೆದ್ರಿ? ಅದನ್ನ ಹೇಳಿ ಮೊದಲು."

"ನೀವ್ಯಾಕೆ ತೆಗೆದ್ರಿ?"

"ನಾನು ಮೊದಲು ಕೇಳಿದ್ದು."

ಅವನು ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಂಡ, ಹಿಟ್ಟು ಇನ್ನಷ್ಟು ಹರಡಿತು. "ಮುಗಿದುಹೋಗುತ್ತಲ್ಲ, ಅದಕ್ಕೆ. ಸೋಮವಾರ ಹಿಟ್ಟು ಕಲಸೋವಾಗ ಇನ್ನು ಆರು ದಿನ ಅಂತೀನಿ. ಮಂಗಳವಾರ ಐದು ಅಂತೀನಿ. ಭಾನುವಾರಾನೇ ಇಲ್ಲದಿದ್ರೆ ಏನು ಎಣಿಸಲಿ ನಾನು? ಹೇಳೋಕೆ ಧೈರ್ಯ ಸಾಲಲಿಲ್ಲ. ಬಿಚ್ಚೋಕೆ ಇಕ್ಕಳ ಇತ್ತು."

ಗಾಳಿ ಬೀಸುತ್ತಿತ್ತು, ನನ್ನ ಕಣ್ಣು ತುಂಬಿತು. ಗಾಳಿಗಲ್ಲ. ಮುಖ ತೊಳೆಯದೆ, ತಲೆ ಬಾಚದೆ, ಕೈಯಲ್ಲಿ ಕದ್ದ ಮಾಲು ಹಿಡಿದು ನಿಂತಿದ್ದೆ. ಆದರೂ ಆ ಕ್ಷಣಕ್ಕೆ ನನ್ನಷ್ಟು ಸುಖಿ ಇನ್ನೊಬ್ಬಳಿರಲಿಲ್ಲ.

"ನನಗೆ ನೀನಂದ್ರೆ ತುಂಬಾ ಇಷ್ಟ ಕಣೋ ಪೆದ್ದ" ಎಂದೆ. 'ನೀವು' ಎಲ್ಲಿ ಬಿದ್ದುಹೋಯಿತೋ ಗೊತ್ತಾಗಲಿಲ್ಲ. "ಆ ಬಾಣಕ್ಕೆ ಎರಡನೇ ತಲೆ ಬರೆದೆಯಲ್ಲ, ಅವತ್ತಿನಿಂದ. ವಾರೆಯಾಗಿ ಬರೆದಿದ್ದೆ. ಅದನ್ನೂ ತಿದ್ದಲಿಲ್ಲ ನಾನು, ಗೊತ್ತಾ?"

"ಗೊತ್ತು. ಪ್ರತಿ ವಾರ ಬಂದ ತಕ್ಷಣ ಅದನ್ನೇ ನೋಡ್ತಿದ್ದೆ, ತಿದ್ದಿದೀಯಾ ಅಂತ."

ಅವನು ಒಂದು ಹೆಜ್ಜೆ ಮುಂದೆ ಬಂದ. ನಾನೂ ಒಂದು ಹೆಜ್ಜೆ. ಅವನ ಹಿಟ್ಟಿನ ಕೈ ನನ್ನ ಕೆನ್ನೆ ತಲುಪಿತು, ಬ್ರೆಡ್ಡಿನ ವಾಸನೆ ಬಂತು.

"ಆಯ್ತಾ ನಿಮ್ಮ ಮಾತುಕತೆ?" ಕೆಳಗಿನಿಂದ ದನಿ ಬಂತು. "ಆಗಿದ್ರೆ ನಮ್ಮನ್ನ ಸ್ವಲ್ಪ ಮೇಲೆ ಎತ್ತಿ!"

ಬಗ್ಗಿ ನೋಡಿದರೆ ಕಂದಕದ ತಳದಲ್ಲಿ, ಒಂದೇ ಕಲ್ಲಿನ ಮೇಲೆ, ಒಬ್ಬರಿಗೊಬ್ಬರು ಆತು ಕೂತಿದ್ದರು ನಮ್ಮ ಅಕ್ಕ ಮತ್ತು ಬನ್‌ನ ಅಮ್ಮ. ತಲೆಯಲ್ಲಿ ಎಲೆ, ಮೈಯೆಲ್ಲ ಮುಳ್ಳು, ನಡುವೆ ಬನ್ನಿನ ಪೊಟ್ಟಣ.

"ಅಮ್ಮಾ! ನೀನು ಯಾವಾಗ..."

"ನೀನು ಮೇಕೆ ಅಂದಾಗಿನಿಂದ ಕೇಳ್ತಾ ಇದೀವಪ್ಪ" ಎಂದರು ಅವರು.

ಅಕ್ಕನನ್ನು ಎಳೆದು ಹತ್ತಿಸುವಾಗ ವಿಷಯ ಹೊರಬಿತ್ತು. ಮೂಲೆ ಗುಡಿಸುತ್ತಾ ಅವಳು ನನ್ನ ಮಂಚದ ಕೆಳಗೆ ಹಲಗೆ ಕಂಡಿದ್ದಳು. ಅನುಮಾನ ಬಂದು ಬೆಟ್ಟದ ಮುಖ್ಯಸ್ಥೆಗೆ ಫೋನ್ ಮಾಡಿದ್ದಳು. ಅವರು ಹುಡುಕಿದರೆ ಬೇಕರಿಯ ಹಿಟ್ಟಿನ ಮೂಟೆಗಳ ಹಿಂದೆ ಇನ್ನಷ್ಟು. ಪರೀಕ್ಷೆ ಒಂದು ವಾರ ಮೊದಲೇ ಬಂದದ್ದು ಬಿಸಿಲಿಗಾಗಿ ಅಲ್ಲ, ನಮ್ಮ ಬಾಯಿ ಬಿಡಿಸಲು.

"ಎಲ್ಲಾ ಗೊತ್ತಿದ್ದೂ ಕಂದಕಕ್ಕೆ ಯಾಕೆ ಇಳಿದ್ರಿ?" ಎಂದು ಕೇಳಿದೆ.

"ಹಲಗೆ ಎಲ್ಲಿದೆ ಅಂತ ಗೊತ್ತಿತ್ತು ಕಣೇ. ದಾರಿ ಎಲ್ಲಿದೆ ಅಂತ ಗೊತ್ತಿರಲಿಲ್ಲ! ಇವರು ಆ ಕಡೆಯಿಂದ ಇಳಿದ್ರು, ನಾನು ಈ ಕಡೆಯಿಂದ, ತಳದಲ್ಲಿ ಸಿಕ್ಕಿದ್ವಿ." ಅಕ್ಕ ಮುಳ್ಳು ಕೀಳುತ್ತಾ, ನಗುತ್ತಾ ಹೇಳಿದಳು. ಆಮೇಲೆ ಅವಳ ನಗು ನಿಂತಿತು. "ಬಿದ್ದಿದ್ದು ನಾವಿಬ್ಬರು, ಸರಿಹೋಯ್ತು. ಯಾರಾದ್ರೂ ಮಗು ಕರ್ಕೊಂಡು ಬಂದಿದ್ರೆ? ವಯಸ್ಸಾದವರು ಬಂದಿದ್ರೆ?"

ಇಬ್ಬರೂ ತಲೆ ತಗ್ಗಿಸಿದೆವು.

"ಇದು ಫೇಲ್" ಎಂದಳು ಅಕ್ಕ. ಅವಳು ಬನ್‌ನ ಅಮ್ಮನ ಮುಖ ನೋಡಿದಳು. ಅವರು ಕಣ್ಣಲ್ಲೇ ಏನೋ ಹೇಳಿದರು. "ಸಂಜೆಯೊಳಗೆ ಇನ್ನೊಂದು ಪರೀಕ್ಷೆ. ನಾವು ಪೊದೆ ಶುರುವಾಗೋ ಕಡೆಗೆ ವಾಪಸ್ ಹೋಗಿ ಮತ್ತೆ ಬರ್ತೀವಿ. ಈ ಸಲ ಬುರುಜಿನಲ್ಲಿ ಸೇರಲಿಲ್ಲ ಅಂದ್ರೆ ವ್ಯಾನೇ ಗತಿ."

ಅದೆಷ್ಟು ವೇಗವಾಗಿ ಕೆಲಸ ಮಾಡಿದೆವೋ! ಅವನು ಗೂಟ ಹಿಡಿದ, ನಾನು ತಂತಿ ಸುತ್ತಿದೆ. ಓಡಿದೆವು, ಜಾರಿದೆವು, ಮೊಣಕಾಲು ತರಚಿಕೊಂಡೆವು, ಸುಮ್ಮಸುಮ್ಮನೆ ನಕ್ಕೆವು. ಹಲಗೆ ಕಟ್ಟಿದ ಮೇಲೆ ಅವನು ದೂರ ಹೋಗಿ ಒಂದು ಕಣ್ಣು ಮುಚ್ಚಿ ನಿಂತ.

"ಬಾಣ ಯಾವ ಕಡೆ?"

"ಎರಡೂ ಕಡೆ! ಈಗ ನಿನ್ನ ನೋಡಬಹುದಾ?"

ಬಿಸಿಲು ಇಳಿಯುವ ಹೊತ್ತಿಗೆ ಒಂದು ಕಡೆಯಿಂದ ಅಕ್ಕ, ಇನ್ನೊಂದು ಕಡೆಯಿಂದ ಅವನ ಅಮ್ಮ, ಒಂದು ಮುಳ್ಳೂ ತಾಗದೆ ಬುರುಜಿಗೆ ಬಂದು ಸೇರಿದರು. ನಾವು ಕುಣಿದಾಡಿಬಿಟ್ಟೆವು. ಅವರು ಗತ್ತಿನಿಂದ ಕೈ ಕುಲುಕಿದರು.

"ಅಂತೂ ಮುಗೀತು" ಎಂದು ನಾನು ನಿಟ್ಟುಸಿರು ಬಿಟ್ಟೆ.

"ಏನಮ್ಮಾ ಮುಗಿಯೋದು?" ಎಂದರು ಬನ್‌ನ ಅಮ್ಮ. "ಗೂಟ ಹುಳು ಹಿಡಿಯುತ್ತೆ, ಬಣ್ಣ ಮಾಸುತ್ತೆ, ತಂತಿ ತುಕ್ಕು ಹಿಡಿಯುತ್ತೆ. ಪ್ರತಿ ಭಾನುವಾರ ಯಾರಾದ್ರೂ ಬಂದು ನೋಡಲೇಬೇಕು. ಕೇಳಿದ್ರೆ ನಾನೇ ಹೇಳ್ತಿದ್ದೆ, ಕದಿಯೋದು ಏನಿತ್ತು?"

ನಾನು ಬನ್‌ನ ಮುಖ ನೋಡಿದೆ, ಅವನು ನನ್ನದು. ಇಷ್ಟು ಸಣ್ಣ ವಿಷಯ ಹೊಳೆಯದ ಮಂಗಗಳು ನಾವು.

ಹೊರಡುವ ಹೊತ್ತಾಯಿತು. ಬುರುಜಿನ ಹಲಗೆಯ ಮುಂದೆ ಎಂದಿನಂತೆ ನಿಂತೆವು. ಎಂದಿನಂತೆ ಬೆನ್ನು ತಿರುಗಿಸಬೇಕಾದ ಜಾಗ. ವಾರೆ ತಲೆಯ ಬಾಣವನ್ನು ನೋಡಿದೆ. ಅದರ ಒಂದು ತಲೆಯತ್ತ ನಾನು ಒಂದು ದಿನವೂ ಕೊನೆಯವರೆಗೆ ನಡೆದಿರಲಿಲ್ಲ. ಬೆಟ್ಟದ ಊರು ಹೇಗಿದೆ, ಬೇಕರಿಯ ಬಾಗಿಲು ಯಾವ ಬಣ್ಣ, ಒಂದೂ ನನಗೆ ಗೊತ್ತಿರಲಿಲ್ಲ. ನಿರ್ಧಾರ ಮಾಡಿ, ಬ್ಯಾಗು ಏರಿಸಿಕೊಂಡು, ಬೆಟ್ಟದ ಕಡೆ ತಿರುಗಿದೆ.

ಅದೇ ಕ್ಷಣಕ್ಕೆ ಅವನು ನದಿಯ ಕಡೆ ತಿರುಗಿದ. ಢಿಕ್ಕಿ ಎಂದರೆ ಢಿಕ್ಕಿ! ನನ್ನ ಹಣೆ ಅವನ ಗಲ್ಲಕ್ಕೆ ಬಡಿಯಿತು.

"ನಿನ್ನೂರು ಆ ಕಡೆ" ಎಂದೆ, ಹಣೆ ಉಜ್ಜಿಕೊಳ್ಳುತ್ತಾ.

"ನಿನ್ನೂರು ಈ ಕಡೆ" ಎಂದ, ಗಲ್ಲ ಹಿಡಿದುಕೊಂಡು. "ನಿಮ್ಮ ಅಂಗಡಿ ನೋಡೋಣ ಅಂತ..."

"ನಾನು ನಿಮ್ಮ ಬೇಕರಿ ನೋಡೋಣ ಅಂತ."

ಅಕ್ಕ ಹಣೆ ಚಚ್ಚಿಕೊಂಡಳು. "ಬೇಗ ತೀರ್ಮಾನ ಮಾಡಿ, ಕತ್ತಲಾಗುತ್ತೆ!"

"ಈ ವಾರ ಬೆಟ್ಟ" ಎಂದು ನಾನು ಅವನ ಕೈ ಹಿಡಿದೆ. "ಬರೋ ವಾರ ನದಿ."

ಅವನ ಅಮ್ಮ ಮುಂದೆ ಮುಂದೆ ನಡೆದರು. ಈ ಸಲ ಹವಾಮಾನದ ಮಾತು ಬರಲಿಲ್ಲ. ತಿರುವಿನಲ್ಲಿ ನಾನು ತಿರುಗಿ ನೋಡಿದೆ, ಅಭ್ಯಾಸ ಬಲ. ಅಲ್ಲಿ ಅಕ್ಕ ಒಬ್ಬಳೇ ಕೈ ಬೀಸುತ್ತಿದ್ದಳು. ಅವನು ನನ್ನ ಪಕ್ಕದಲ್ಲೇ ಇದ್ದ.